‘ದೊಂಬಿ’: ಅರ್ಥ, ವ್ಯುತ್ಪತ್ತಿ ಮತ್ತು ಒಂದು ಆಕ್ಷೇಪ

ಉಡುಪಿಯ ಪರ್ಯಾಯ, ಕಾಪುವಿನ ಮಾರಿಪೂಜೆ, ಕಾರ್ಕಳದ ಅತ್ತೂರು ಜಾತ್ರೆಗಳಿಗೆ ಸೇರುವ ಅಪಾರ ಜನರನ್ನು ಕನ್ನಡವು ‘ಸಂದಣಿ’, ‘ಜಂಗುಳಿ’ ಎಂದು ಕರೆಯುತ್ತದೆಯೇ ಹೊರತು ‘ದೊಂಬಿ’ ಎನ್ನುವುದಿಲ್ಲ. ಮಣಿಪಾಲದ ರಸ್ತೆಯಲ್ಲಿ ಹತ್ತು ಮಂದಿ ಹೊಡೆದಾಟಕ್ಕಿಳಿದರೆ ಆ ಪದಕ್ಕೆ ಎಡೆಯಾಗುತ್ತದೆ. ಹೀಗೆ ದೊಂಬಿಯು ಸಂಖ್ಯಾವಾಚಿಯಲ್ಲ. ಗುಂಪಿನ ನಡತೆಯನ್ನು ಕುರಿತ ತೀರ್ಪು. ಕಾನೂನಿನಲ್ಲಿ ಈ ತೀರ್ಪಿಗೆ ಕಟ್ಟುನಿಟ್ಟಾದ ಲಕ್ಷಣವಿದೆ. 1860ರ ಭಾರತೀಯ ದಂಡ ಸಂಹಿತೆಯ 146ನೆಯ ಕಲಮಿನಂತೆ, ಐದು ಅಥವಾ ಹೆಚ್ಚು ಜನರ ಅಕ್ರಮ ಕೂಟವು ಸಮಾನೋದ್ದೇಶಕ್ಕಾಗಿ ಬಲಪ್ರಯೋಗ ಮಾಡಿದರೆ ಕೂಟದ ಪ್ರತಿಯೊಬ್ಬ ಸದಸ್ಯನೂ ದೊಂಬಿಯ ಅಪರಾಧಿ. 2023ರ ಭಾರತೀಯ ನ್ಯಾಯ ಸಂಹಿತೆಯ 191ನೆಯ ಕಲಮು ಇದನ್ನೇ ಮುಂದುವರಿಸಿದೆ.

ಇಷ್ಟು ಭಾರ ಹೊತ್ತ ಪದವನ್ನು ‘ದೊಂಬ’ ಎಂಬ ಸಮುದಾಯನಾಮದಿಂದ ನಿಷ್ಪನ್ನಗೊಳಿಸುವ ವಿವರಣೆಯನ್ನು ನಾವು ಒಪ್ಪಲಾರೆವು. ಮೊದಲನೆಯದಾಗಿ, ಸಮುದಾಯನಾಮವು ಕನ್ನಡ ಸಮಾಸದಲ್ಲಿ ‘ದೊಂಬರಾಟ’ ಎಂಬಂತೆ ರೇಫಸಹಿತವಾಗಿ ಬರುತ್ತದೆ. ಎರಡನೆಯದಾಗಿ, ಸಂಸ್ಕೃತದ ‘ಡೋಂಬೀ’ ಆ ಸಮುದಾಯದ ಸ್ತ್ರೀಯನ್ನು ಸೂಚಿಸುತ್ತದೆ. ಅಲ್ಲಿಂದ ‘ಗಲಭೆ’ಯ ಅರ್ಥಕ್ಕೆ ಸಾಗುವ ನಡುವಣ ಮೆಟ್ಟಿಲನ್ನು ಈ ವಿವರಣೆ ತೋರಿಸುವುದಿಲ್ಲ.

ತೆಲುಗಿನ ‘ದೊಮ್ಮಿ’ ಇಲ್ಲಿ ಮುಖ್ಯವಾದ ಸಾಕ್ಷ್ಯ. ಕನ್ನಡದ ‘ಂಬ’ಕ್ಕೆ ತೆಲುಗಿನಲ್ಲಿ ‘ಮ್ಮ’ ಬರುವುದು ಕ್ರಮಬದ್ಧ: ನಂಬು–ನಮ್ಮು, ಅಂಬು–ಅಮ್ಮು, ಕೊಂಬೆ–ಕೊಮ್ಮ. ದೊಂಬಿ–ದೊಮ್ಮಿ ಇದೇ ಸಾಲಿಗೆ ಸೇರುತ್ತದೆ. ದೊಂಬರ–ದೊಮ್ಮರಿ ಜೋಡಿಯೂ ಹಾಗೆಯೇ ಇರುವುದರಿಂದ ಧ್ವನಿಸಾಮ್ಯವೊಂದೇ ವಿವಾದವನ್ನು ಬಗೆಹರಿಸದು, ನಿಜ. ಆದರೆ ತೆಲುಗಿನ ‘ದೊಮ್ಮಿ’ಗೆ ಎರಡು ಪಕ್ಷಗಳು ಬೆರೆತು ಕಾದುವ ಸಂಕುಲಯುದ್ಧದ ಅರ್ಥವಿದೆ, ಆಟಗಾರರ ಸುಳಿವಿಲ್ಲ. ಅರ್ಥದ ತಿರುಳು ಒತ್ತೊತ್ತಾದ ಕಾದಾಟ ಎಂದು ಗ್ರಹಿಸಿದರೆ ಕನ್ನಡದ ಬಳಕೆಯೂ ತಾನಾಗಿ ವಿವರಣೆಗೊಳ್ಳುತ್ತದೆ. ಅಮರಕೋಶವು ‘ಡಮರ’, ‘ವಿಪ್ಲವ’ಗಳೊಡನೆ ಹೇಳುವ ‘ಡಿಂಬ’ವು ಅರ್ಥದಲ್ಲಿ ಹತ್ತಿರವಿದ್ದರೂ, ಅದರ ಇಕಾರವು ಒಕಾರವಾದ ಬಗೆಯನ್ನು ವಿವರಿಸದೆ ಅದನ್ನು ಮೂಲವೆನ್ನಲಾಗದು.

ಇದು ಕೇವಲ ಪದಕುತೂಹಲದ ಪ್ರಶ್ನೆಯಲ್ಲ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಸಮುದಾಯವೊಂದರ ಹೆಸರನ್ನು ಅಪರಾಧವಾಚಕದ ಮೂಲವೆನ್ನುವುದು, ಅಪರಾಧವನ್ನು ಹುಟ್ಟಿಗೆ ಅಂಟಿಸಿದ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ತರ್ಕವನ್ನೇ ನಿಘಂಟಿಗೆ ತಂದಂತೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ಆರು ಸಂಪುಟಗಳ ತುಳು ನಿಘಂಟು ಪ್ರಾದೇಶಿಕ ರೂಪಗಳನ್ನೂ ಜ್ಞಾತಿಪದಗಳನ್ನೂ ಒಟ್ಟಿಗೆ ಇಟ್ಟು ತೋರಿಸಿದೆ. ‘ದೊಂಬಿ’ಯ ನಮೂದಿಗೂ ಆ ಕ್ರಮವೇ ಸಲ್ಲಬೇಕು: ‘ದೊಮ್ಮಿ’ಯನ್ನು ಜ್ಞಾತಿಪದವಾಗಿ ಕೊಟ್ಟು, ‘ದೊಂಬ’ವನ್ನು ಬೇರೆಯೇ ನಮೂದಾಗಿ ಉಳಿಸುವುದು ಯುಕ್ತ.