ದ್ಯೂತವೂ ಸ್ವಬುದ್ಧಿಯ ಅಭಿಮಾನವೂ

ಜೈನಾಚಾರ್ಯರು ಸಪ್ತವ್ಯಸನಗಳನ್ನು ಎಣಿಸುವಾಗ ದ್ಯೂತಕ್ಕೆ ಮೊದಲ ಸ್ಥಾನವನ್ನಿತ್ತಿರುವುದು ಆಕಸ್ಮಿಕವಲ್ಲ. ಮದ್ಯ, ಮಾಂಸ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಗಮನ ಇವೆಲ್ಲವೂ ಅದರ ಹಿಂದೆ ಬರುತ್ತವೆ. ಅಮೃತಚಂದ್ರ ಸೂರಿಗಳು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅನರ್ಥದಂಡವ್ರತವನ್ನು ವಿವರಿಸುತ್ತ ಜೂಜನ್ನು ಸಕಲ ಅನರ್ಥಗಳಲ್ಲಿ ಮೊದಲನೆಯದೆಂದೂ, ಮಾಯೆಗೂ ಕಳವಿಗೂ ಸುಳ್ಳಿಗೂ ಮನೆಯೆಂದೂ ಕರೆದರು. ವಸುನಂದಿ ಆಚಾರ್ಯರು ತಮ್ಮ ಶ್ರಾವಕಾಚಾರದಲ್ಲಿ ಒಂದೊಂದು ವ್ಯಸನಕ್ಕೂ ಕೆಟ್ಟವರ ದೃಷ್ಟಾಂತವನ್ನಿತ್ತರು. ಪರದಾರಕ್ಕೆ ರಾವಣ, ವೇಶ್ಯಾಸಂಗಕ್ಕೆ ಚಾರುದತ್ತ, ಮದ್ಯಕ್ಕೆ ಯಾದವರು. ದ್ಯೂತಕ್ಕೆ ಅವರು ಆರಿಸಿದುದು ಯಾರನ್ನು? ಯುಧಿಷ್ಠಿರನನ್ನು. ಶಕುನಿಯಂತಹ ಕಪಟಿಯನ್ನಲ್ಲ, ಬುದ್ಧಿಗೇಡಿಯನ್ನಲ್ಲ. ಧರ್ಮರಾಜನೆಂದು ಲೋಕವೇ ಕೊಂಡಾಡಿದ ವಿವೇಕಿಯನ್ನು.

ಈ ಆಯ್ಕೆಯಲ್ಲಿ ಒಂದು ಗೂಢವಾದ ಎಚ್ಚರಿಕೆಯಿದೆ. ಜೂಜು ಮೂರ್ಖರ ರೋಗವೆಂದು ಲೋಕ ತಿಳಿದಿದೆ. ಆದರೆ ಅದು ಬಲಿತೆಗೆದುಕೊಳ್ಳುವುದು ಬಹುಮಟ್ಟಿಗೆ ತನ್ನ ಬುದ್ಧಿಯಲ್ಲಿ ನಂಬಿಕೆಯುಳ್ಳವನನ್ನೇ. ಇಂದಿನ ಕ್ರಿಕೆಟ್ ಬೆಟ್ಟಿಂಗನ್ನು ಪರೀಕ್ಷಿಸಹೊರಟರೆ ಈ ಮಾತು ಪದೇ ಪದೇ ನೆನಪಾಗುತ್ತದೆ.

‘ಇದು ಜೂಜಲ್ಲ, ಲೆಕ್ಕಾಚಾರ’

ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಸೀಮೆಯಲ್ಲಿ ಜೈನಧರ್ಮವು ಒಂದು ಕಾಲಕ್ಕೆ ಆಳವಾಗಿ ಬೇರೂರಿದ್ದಿತೆಂಬುದಕ್ಕೆ ಕೋಗಳಿಯ ಪ್ರಾಚೀನ ಬಸದಿಯೂ ಅಲ್ಲಿನ ಶಾಸನಗಳೂ ಸಾಕ್ಷಿ. ಇಟ್ಟಿಗಿಯಂತಹ ಊರುಗಳಲ್ಲಿ ಹಿಂದೆ ಜೂಜಿಗೆ ಒಂದು ಗೊತ್ತಾದ ಜಾಗವಿರುತ್ತಿತ್ತು: ಊರಹೊರಗಿನ ತೋಪು, ಇಲ್ಲವೆ ಯಾವುದೋ ಹಾಳುಮನೆ. ಅಲ್ಲಿಗೆ ಹೋಗುವವನನ್ನು ನಾಲ್ಕು ಜನ ಕಾಣುತ್ತಿದ್ದರು. ಆ ನಾಚಿಕೆಯೇ ಕಾವಲಾಗಿತ್ತು. 2008ರಲ್ಲಿ ಐ.ಪಿ.ಎಲ್. ಪಂದ್ಯಾವಳಿ ಆರಂಭವಾಯಿತು, ಬರಬರುತ್ತ ಮೊಬೈಲು ಕೈಕೈಗೂ ಬಂದಿತು. ಈಗ ಇಸ್ಪೀಟಿನ ಮಂದಲಿಗೆ ಬೇಡ, ಜೊತೆಗಾರರೂ ಬೇಡ. ಮಗನು ತಂದೆಯ ಪಕ್ಕದಲ್ಲಿಯೇ ಕುಳಿತು ಪಣವೊಡ್ಡಬಹುದು. ತಂದೆಗೆ ಅದು ತಿಳಿಯುವುದು ಸಾಲಗಾರನು ಬಾಗಿಲಿಗೆ ಬಂದಾಗ.

ಹೀಗೆ ಪಣವೊಡ್ಡುವ ತರುಣನನ್ನು ಕೇಳಿದರೆ ಅವನ ಉತ್ತರ ಸಿದ್ಧವಾಗಿರುತ್ತದೆ. ಓಸಿ, ಮಟ್ಕಾಗಳು ಅದೃಷ್ಟದ ಆಟ, ಕ್ರಿಕೆಟ್ ಹಾಗಲ್ಲ. ಯಾವ ಬೌಲರನಿಗೆ ಯಾವ ಅಂಕಣ ಹೊಂದುತ್ತದೆ, ರಾತ್ರಿಯ ಇಬ್ಬನಿಯಲ್ಲಿ ಚೆಂಡು ಹೇಗೆ ಜಾರುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ತಿಳಿದ ವಿಷಯದಲ್ಲಿ ತನ್ನ ವಿವೇಚನೆಯನ್ನು ತಾನೇ ನಂಬದಿದ್ದರೆ ಹೇಗೆ ಎಂದು ಅವನು ಮರುಪ್ರಶ್ನೆ ಹಾಕುತ್ತಾನೆ. ಈ ವಾದವನ್ನು ಗದರಿಸಿ ಸುಮ್ಮನಾಗಿಸಬಾರದು, ಒರೆಗೆ ಹಚ್ಚಬೇಕು.

ಈ ವಾದಕ್ಕೆ ನ್ಯಾಯಶಾಸ್ತ್ರದ ಆಸರೆಯೂ ಉಂಟು. 1867ರ ಸಾರ್ವಜನಿಕ ಜೂಜು ಕಾಯಿದೆಯು ಕೇವಲ ಕೌಶಲದ ಆಟಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿರಿಸಿತ್ತು. ಸರ್ವೋಚ್ಚ ನ್ಯಾಯಾಲಯವು 1968ರಲ್ಲಿ ರಮ್ಮಿಯನ್ನೂ 1996ರಲ್ಲಿ ಕುದುರೆ ಪಂದ್ಯವನ್ನೂ ಪ್ರಧಾನವಾಗಿ ಕೌಶಲದ ಆಟಗಳೆಂದಿತು. ಕರ್ನಾಟಕ ಸರ್ಕಾರವು 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಣದ ಆಟಗಳನ್ನು ನಿಷೇಧಿಸಿದಾಗ, ರಾಜ್ಯದ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯಾದರೋ ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು, ಹಣವೊಡ್ಡುವ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಕ್ಕೆ ಒಳಪಡಿಸಿತು. ಕಾಯಿದೆಗಳು ಬರುತ್ತವೆ, ಹೋಗುತ್ತವೆ. ನ್ಯಾಯಾಲಯ ಕೇಳುವ ಪ್ರಶ್ನೆ ‘ಆಟದಲ್ಲಿ ಕೌಶಲವಿದೆಯೇ?’ ಎಂಬುದು. ಶ್ರಾವಕನು ಕೇಳಬೇಕಾದುದು ಬೇರೆ: ‘ಆ ಕೌಶಲ ಯಾರದು?’ ಓಡುವುದು ಕುದುರೆ, ಆಡುವವನು ಆಟಗಾರ. ಪಣವೊಡ್ಡಿದವನು ಮಾಡಿದ ಕೆಲಸವಾದರೂ ಏನು?

ಲೆಕ್ಕದ ಪುಸ್ತಕ ಹೇಳುವುದು

ಮೊದಲು ವ್ಯಾಪಾರಿಯ ದೃಷ್ಟಿಯಿಂದಲೇ ನೋಡಬಹುದು. ಸಮಬಲದ ಎರಡು ತಂಡಗಳಿವೆಯೆಂದು ಭಾವಿಸೋಣ. ಬುಕ್ಕಿಯು ಎರಡಕ್ಕೂ ನೂರಕ್ಕೆ ನೂರತೊಂಬತ್ತರ ದರ ಕೊಡುತ್ತಾನೆ. ಅಂದರೆ 100 ರೂಪಾಯಿ ಕಟ್ಟಿ ಗೆದ್ದವನಿಗೆ ಅಸಲೂ ಸೇರಿ 190 ರೂಪಾಯಿ. ಒಬ್ಬನು ಇಂತಹ ನೂರು ಪಂದ್ಯಗಳಿಗೆ ನೂರು ನೂರರಂತೆ 10,000 ರೂಪಾಯಿ ಕಟ್ಟಿದನು. ಅವನ ಊಹೆ 52 ಸಲ ನಿಜವಾಯಿತು. ಅರ್ಧಕ್ಕಿಂತ ಹೆಚ್ಚು ಸಲ ಸರಿಯಾಗಿ ಹೇಳಿದೆನೆಂದು ಅವನು ಬೀಗಬಹುದು. ಆದರೆ ಕೈಗೆ ಬಂದುದು 9,880 ರೂಪಾಯಿ. 120 ರೂಪಾಯಿ ನಷ್ಟ. ಬುದ್ಧಿ ಗೆದ್ದಿತು, ಗಂಟು ಸೋತಿತು. ಅತ್ತ ಬುಕ್ಕಿಗೆ ಯಾರು ಗೆಲ್ಲುತ್ತಾರೆಂಬ ಚಿಂತೆಯೇ ಇಲ್ಲ. ಎರಡೂ ಕಡೆ ಹತ್ತು ಹತ್ತು ಸಾವಿರ ಬಿದ್ದರೆ ಅವನು 20,000 ಪಡೆದು 19,000 ಹಂಚುತ್ತಾನೆ. ಉಳಿದ ಸಾವಿರ ಅವನ ದಲ್ಲಾಳಿ. ಆಟವನ್ನು ಬಲ್ಲವನು ಬೇರೆ, ದರವನ್ನು ಬಲ್ಲವನು ಬೇರೆ. ಪಣವೊಡ್ಡುವವನಿಗೆ ಮೊದಲನೆಯ ಜ್ಞಾನವಿದ್ದು, ಎರಡನೆಯದೂ ಇದೆಯೆಂಬ ಭ್ರಮೆ ಹುಟ್ಟುತ್ತದೆ.

ಇನ್ನು ಆ ಮೊದಲನೆಯ ಜ್ಞಾನವಾದರೂ ಎಷ್ಟು ದೃಢ? 1981ರಲ್ಲಿ ಇಂಗ್ಲೆಂಡಿನ ಹೆಡಿಂಗ್ಲೆಯಲ್ಲಿ ನಡೆದ ಟೆಸ್ಟ್ ಪಂದ್ಯವನ್ನು ಹಿರಿಯರು ಮರೆತಿರಲಾರರು. ಫಾಲೋಆನ್‌ಗೆ ಸಿಲುಕಿದ ಇಂಗ್ಲೆಂಡಿನ ಗೆಲುವಿಗೆ ಪಂದ್ಯದ ನಡುವೆ ಒಂದಕ್ಕೆ ಐನೂರರ ದರ ಪ್ರಕಟವಾಯಿತು. ದರ ಕಟ್ಟುವವರಿಗೆ ಸಲಹೆಗಾರರಾಗಿದ್ದವರು ಇಂಗ್ಲೆಂಡಿನ ಪರವಾಗಿಯೇ ವರ್ಷಗಟ್ಟಲೆ ವಿಕೆಟ್ ಕಾಯ್ದ ಗಾಡ್‌ಫ್ರೆ ಇವಾನ್ಸ್. ಆಟವನ್ನು ಅವರಿಗಿಂತ ಬಲ್ಲವರು ಎಷ್ಟು ಮಂದಿ? ಆದರೂ ಇಂಗ್ಲೆಂಡ್ 18 ಓಟಗಳಿಂದ ಗೆದ್ದಿತು. ಆಸ್ಟ್ರೇಲಿಯಾದ ಲಿಲ್ಲಿ ಮತ್ತು ಮಾರ್ಷ್ ಆ ದರದ ಅತಿರೇಕವನ್ನು ಕಂಡು ಹತ್ತು ಪೌಂಡು, ಐದು ಪೌಂಡುಗಳನ್ನು ತಮ್ಮ ತಂಡದ ವಿರುದ್ಧವೇ ಕಟ್ಟಿ, ಐದು ಸಾವಿರ ಹಾಗೂ ಎರಡೂವರೆ ಸಾವಿರ ಪೌಂಡು ಗೆದ್ದರು. ಅವರ ಆಟದ ಪ್ರಾಮಾಣಿಕತೆಯನ್ನು ಸಂಶಯಿಸಿದವರು ಕಡಮೆ. ಆದರೂ ಆ ಗೆಲುವಿನ ಕಥೆ ಅವರ ಹೆಸರಿನ ಬೆನ್ನುಬಿಡಲಿಲ್ಲ. ನುರಿತವರ ವಿವೇಚನೆ ಸೋತಿತು. ಗೆದ್ದ ಹಣವೂ ಕಲೆಯನ್ನು ಉಳಿಸಿತು.

ಕಣ್ಣಿಗೆ ಕಾಣುವ ಆಟದ ಹಿಂದೆ ಕಾಣದ ಆಟವೂ ಇರಬಹುದು. 2000ದ ಮಾರ್ಚಿನಲ್ಲಿ ಬೆಂಗಳೂರಿನ ಟೆಸ್ಟಿಗೆ ಮುಂಚೆ ದಕ್ಷಿಣ ಆಫ್ರಿಕದ ನಾಯಕ ಹ್ಯಾನ್ಸಿ ಕ್ರೋನಿಯೆ ತನ್ನ ತಂಡದ ಆಟಗಾರರೊಡನೆ ಹಣದ ಪ್ರಸ್ತಾಪವೆತ್ತಿದ ಸಂಗತಿ ಅದೇ ವರ್ಷದ ಕಿಂಗ್ ಆಯೋಗದ ಮುಂದೆ ಬಯಲಾಯಿತು. 2019ರಲ್ಲಿ ಬೆಂಗಳೂರು ಪೊಲೀಸರು ಕರ್ನಾಟಕ ಪ್ರೀಮಿಯರ್ ಲೀಗಿನ ಬೆಟ್ಟಿಂಗ್ ಹಾಗೂ ಮ್ಯಾಚ್ ಫಿಕ್ಸಿಂಗ್ ಆರೋಪಗಳ ತನಿಖೆ ನಡೆಸಿದರು. ಆ ಪ್ರಕರಣದಲ್ಲಿ ಉಚ್ಚ ನ್ಯಾಯಾಲಯವು 2022ರ ಜನವರಿಯಲ್ಲಿ, ಫಿಕ್ಸಿಂಗ್ ನಡೆದಿದ್ದರೂ ಅದು ಅಂದಿನ ದಂಡಸಂಹಿತೆಯ ವಂಚನೆಯ ಕಲಮಿಗೆ ಸೇರದೆಂದೂ, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಗೆ ಬಿಟ್ಟುದೆಂದೂ ತೀರ್ಪಿತ್ತಿತು. ಬೌಲರನ ಕೈಚಳಕವನ್ನು ಅಭ್ಯಸಿಸಿದ ತರುಣನು ಅವನ ಮನಸ್ಸನ್ನು ಅಭ್ಯಸಿಸಿಲ್ಲ. ಅಲ್ಲಿ ಮೋಸವಾದರೆ ಅವನು ದೂರು ಕೊಡುವ ಬಾಗಿಲೂ ಕಿರಿದು.

ತಪ್ಪನ್ನು ಮುಚ್ಚುವ ಬುದ್ಧಿ

ಇಷ್ಟಾದರೂ ಸೋತವನು ಏಕೆ ಬಿಡುವುದಿಲ್ಲ? ಅಮೆರಿಕದ ಮನೋವಿಜ್ಞಾನಿ ಥಾಮಸ್ ಗಿಲೋವಿಚ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ಪಣವೊಡ್ಡುವವರು ಸೋಲನ್ನು ಮರೆಯುವುದಿಲ್ಲ. ಗೆಲುವಿಗಿಂತ ಹೆಚ್ಚಾಗಿ ಅದನ್ನೇ ಚರ್ಚಿಸುತ್ತಾರೆ. ಆದರೆ ಆ ಚರ್ಚೆ ಸೋಲನ್ನು ಸವೆಸಿ, ‘ಗೆದ್ದೇ ಬಿಡುತ್ತಿದ್ದೆ, ಒಂದು ಕ್ಯಾಚು ಕೈಬಿಟ್ಟಿತು’ ಎಂಬ ಕಥೆಯಾಗಿ ಮಾಡುತ್ತದೆ. ಗೆಲುವನ್ನು ಮಾತ್ರ ತಮ್ಮ ಬುದ್ಧಿಯ ಫಲವೆಂದು ಮರುಮಾತಿಲ್ಲದೆ ಸ್ವೀಕರಿಸುತ್ತಾರೆ.

ಮನಸ್ಸಿನ ಈ ಗುಣವನ್ನು ಅರಿಯಲು ಇಟ್ಟಿಗಿಯ ಜನ ಪರದೇಶಕ್ಕೆ ಹೋಗಬೇಕಾಗಿಲ್ಲ. ಅದೇ ಹಡಗಲಿ ತಾಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕದ ಒಂದೇ ಒಂದು ನುಡಿಯನ್ನು ನುಡಿಯುತ್ತಾನೆ. ಒಕ್ಕಲಿಗನು ಅದರಲ್ಲಿ ಮಳೆಬೆಳೆಯನ್ನು, ವ್ಯಾಪಾರಿಯು ಧಾರಣೆಯನ್ನು, ರಾಜಕಾರಣಿಯು ಅಧಿಕಾರವನ್ನು ಕಾಣುತ್ತಾನೆ. ಅದು ಜನರ ಶ್ರದ್ಧೆಯ ವಿಷಯ. ಅದರ ವಿಮರ್ಶೆ ಇಲ್ಲಿ ಪ್ರಸ್ತುತವಲ್ಲ. ಗಮನಿಸಬೇಕಾದುದಿಷ್ಟೆ: ನುಡಿ ಒಂದೇ ಆದರೂ ಕೇಳುವವನು ತನ್ನ ಬಯಕೆಯನ್ನೇ ಅದರಲ್ಲಿ ಓದಿಕೊಳ್ಳುತ್ತಾನೆ. ಪಂದ್ಯದ ಅಂಕಿ ಅಂಶಗಳ ಮುಂದೆ ಕುಳಿತ ತರುಣನು ಮಾಡುವುದೂ ಅದನ್ನೇ. ಒಕ್ಕಲಿಗನಾದರೂ ಕಾರಣಿಕವನ್ನು ಕೇಳಿ ಬಿತ್ತನೆಗೆ ಹೋಗುತ್ತಾನೆ. ಇವನು ಕೈಗಡಕ್ಕೆ ಹೋಗುತ್ತಾನೆ.

ಶ್ರಾವಕನಿಗೆ ಆಚಾರ್ಯರು ಪ್ರತಿಕ್ರಮಣವನ್ನು ವಿಧಿಸಿದುದು ಈ ಗುಣದ ಔಷಧವಾಗಿ ಎನ್ನಬಹುದು. ಆದ ತಪ್ಪನ್ನು ತನ್ನದೆಂದೇ ಹೇಳಿಕೊಂಡು ಹಿಂದಿರುಗುವುದು ಪ್ರತಿಕ್ರಮಣ. ಆದ ತಪ್ಪನ್ನು ಕ್ಯಾಚಿನ ಮೇಲೋ ಅಂಪೈರನ ಮೇಲೋ ಹೊರಿಸಿ ಮುಂದುವರಿಯುವುದು ಜೂಜು.

ಅನೇಕಾಂತವೂ ಇದನ್ನೇ ಬೋಧಿಸುತ್ತದೆ. ಪಂದ್ಯಕ್ಕೆ ನೂರು ಮುಖಗಳಿವೆ. ಒಬ್ಬನಿಗೆ ಕಂಡುದು ಒಂದು ನಯ. ನಯವೆಂದೇ ತಿಳಿದಿರುವವರೆಗೆ ಅದು ಜ್ಞಾನ. ಅದೇ ಪೂರ್ಣಸತ್ಯವೆಂದು ಹಟ ಹಿಡಿದಾಗ ದುರ್ನಯ. ಹಣವನ್ನೊಡ್ಡಿದ ಕ್ಷಣದಿಂದ ಮನಸ್ಸು ಮಿಕ್ಕ ಮುಖಗಳನ್ನು ನೋಡಲು ಒಪ್ಪುವುದಿಲ್ಲ. ಲೋಭವು ಕಣ್ಣಿಗೆ ಕಾಣುವ ಕಷಾಯ. ಅದರ ಹಿಂದೆ ‘ನಾನು ಬಲ್ಲೆ’ ಎಂಬ ಮಾನಕಷಾಯ ಅಡಗಿ ಕುಳಿತಿರುತ್ತದೆ.

ವ್ಯಾಪಾರವೂ ಪಣವಲ್ಲವೆ?

ಇಲ್ಲಿ ನ್ಯಾಯವಾದ ಒಂದು ಆಕ್ಷೇಪ ಏಳುತ್ತದೆ. ಈರುಳ್ಳಿಯ ಧಾರಣೆ ಏರುವುದೆಂದು ಕೊಂಡಿಡುವ ವರ್ತಕನೂ ತನ್ನ ವಿವೇಚನೆಯನ್ನೇ ನಂಬುತ್ತಾನಲ್ಲವೆ? ಹೌದು, ವಿವೇಚನೆಯಲ್ಲಿ ನಂಬಿಕೆಯಿಲ್ಲದವನು ಅಂಗಡಿಯ ಬಾಗಿಲನ್ನೇ ತೆರೆಯಲಾರನು. ಭೇದವಿರುವುದು ಮೂರು ಕಡೆ. ವರ್ತಕನ ಊಹೆಯ ಹಿಂದೆ ಒಂದು ವಸ್ತುವಿದೆ. ಅದು ಬೆಳೆದವನಿಂದ ಉಣ್ಣುವವನಿಗೆ ತಲುಪುತ್ತದೆ. ಅವನ ಲಾಭಕ್ಕೆ ಇನ್ನೊಬ್ಬನ ನಷ್ಟವೇ ಆಗಬೇಕೆಂಬ ನಿಯಮವಿಲ್ಲ. ಮಾರಿದವನಿಗೂ ಕೊಂಡವನಿಗೂ ಪ್ರಯೋಜನವುಂಟು. ಮೂರನೆಯದಾಗಿ, ಅವನ ತಪ್ಪು ಖಾತೆಯಲ್ಲಿ ಕಪ್ಪು ಅಕ್ಷರದಲ್ಲಿ ಉಳಿಯುತ್ತದೆ. ಮುಂದಿನ ವರ್ಷ ಅವನಿಗೆ ಬುದ್ಧಿ ಹೇಳುತ್ತದೆ.

ಈ ಮೂರು ಒರೆಗಲ್ಲುಗಳಿಗೆ ನಿಲ್ಲದ ವ್ಯಾಪಾರವನ್ನು ವ್ಯಾಪಾರವೆಂಬ ಹೆಸರು ಕಾಯಲಾರದು. ಸೆಬಿ ಸಂಸ್ಥೆಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗಿಳಿದ ವೈಯಕ್ತಿಕ ವಹಿವಾಟುದಾರರಲ್ಲಿ ನೂರಕ್ಕೆ 93 ಮಂದಿ ನಷ್ಟಹೊಂದಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿತು. ಇವರಲ್ಲಿ ಓದಿದವರು, ಲೆಕ್ಕ ಬಲ್ಲವರು ಕಡಮೆಯೇ? ಕ್ರಿಕೆಟ್ ಬೆಟ್ಟಿಂಗನ್ನು ಹಳಿಯುವ ವರ್ತಕ ಕುಟುಂಬಗಳು ತಮ್ಮ ಸಟ್ಟಾ ಖಾತೆಯನ್ನೂ ಅದೇ ದೀಪದಡಿ ತೆರೆದು ನೋಡುವುದು ಪ್ರಾಮಾಣಿಕತೆ.

ಇನ್ನೊಂದು ಮಾತನ್ನೂ ಮುಚ್ಚಿಡಲಾಗದು. ದೀಪಾವಳಿಯ ರಾತ್ರಿ ಮನೆಮಂದಿ ಕುಳಿತು ಶಕುನಕ್ಕೆಂದು, ಮೋಜಿಗೆಂದು ಹತ್ತಿಪ್ಪತ್ತು ರೂಪಾಯಿ ಕಟ್ಟಿ ಇಸ್ಪೀಟಾಡುವ ರೂಢಿ ಎಷ್ಟೋ ವರ್ತಕರ ಮನೆಗಳಲ್ಲಿದೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಇದನ್ನು ಮುಂಗಂಡವರಂತೆ, ಪಣವನ್ನು ತ್ಯಜಿಸಿದ ಶ್ರಾವಕನಿಗೆ ಮನೋವಿನೋದಕ್ಕಾಗಿ ಕಟ್ಟುವ ಬಾಜಿಯೂ ದೋಷವೇ ಎಂದರು. ಅವರು ಕೊಟ್ಟ ಕಾರಣ ಹಣ ಹೋಗುತ್ತದೆಂಬುದಲ್ಲ. ಅದರಿಂದ ಹರ್ಷವೂ ಅಮರ್ಷವೂ ಹುಟ್ಟುತ್ತವೆ, ಆ ಕಷಾಯವೇ ಪಾಪಕ್ಕೆ ದಾರಿ ಎಂಬುದು. ಗೆದ್ದವನ ಹಿಗ್ಗು, ಸೋತವನ ಕುದಿ: ಹತ್ತು ರೂಪಾಯಿಗಾದರೇನು, ಹತ್ತು ಲಕ್ಷಕ್ಕಾದರೇನು, ಬೀಜ ಒಂದೇ. ಅದೂ ಎಂತಹ ರಾತ್ರಿ! ಭಗವಾನ್ ಮಹಾವೀರರು ಎಲ್ಲ ಕಷಾಯಗಳನ್ನೂ ಗೆದ್ದು ನಿರ್ವಾಣ ಹೊಂದಿದ ರಾತ್ರಿ. ಮಗನು ಮೊಬೈಲಿನಲ್ಲಿ ಕಲಿತ ಮೊದಲ ಪಾಠವನ್ನು ಮನೆಯ ಜಮಖಾನೆಯ ಮೇಲೆಯೇ ಕಲಿತಿರಬಾರದೇಕೆ?

ಬಸದಿಗಳ ಟ್ರಸ್ಟುಗಳಿಗೂ ಇಲ್ಲಿ ಕರ್ತವ್ಯವಿದೆ. ಪಣದಲ್ಲಿ ಗೆದ್ದ ಹಣವೆಂದು ತಿಳಿದೂ ಜೀರ್ಣೋದ್ಧಾರದ ದಾನವಾಗಿ ಸ್ವೀಕರಿಸಿ ಫಲಕದಲ್ಲಿ ಹೆಸರು ಕೆತ್ತಿಸಿದರೆ, ಊರಿನ ತರುಣರು ಫಲಕವನ್ನೇ ಪ್ರಮಾಣವಾಗಿ ಓದುತ್ತಾರೆ. ಸಾಲದಲ್ಲಿ ಮುಳುಗಿದ ತರುಣನು ಬಂದು ನಿಜ ಹೇಳಿದಾಗ ಅವನನ್ನು ಹೀಗಳೆಯದೆ, ತಂದೆತಾಯಿಯರೊಡನೆ ಕೂಡಿಸಿ ಸಾಲದ ಪಟ್ಟಿ ಮಾಡಿ, ತೀರುವಳಿಯ ದಾರಿ ಹುಡುಕಿಕೊಡುವ ಒಬ್ಬಿಬ್ಬರು ಹಿರಿಯರಾದರೂ ಪ್ರತಿ ಊರಿನಲ್ಲಿಯೂ ಇರಬೇಕು. ಸಮ್ಯಕ್ತ್ವದ ಅಂಗಗಳಲ್ಲಿ ಸ್ಥಿತೀಕರಣವೂ ಒಂದು. ಜಾರಿದವನನ್ನು ಹಿಡಿದು ನಿಲ್ಲಿಸುವುದೇ ಅದರ ಅರ್ಥ.

ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ನಡೆಯುತ್ತದೆ. ಅದರ ಮೊದಲ ಪುಟದಲ್ಲಿ, ಕಳೆದ ವರ್ಷ ‘ಖಂಡಿತ’ವೆಂದು ನಂಬಿದ ಹತ್ತು ಮಾತುಗಳನ್ನೂ ಅವುಗಳಲ್ಲಿ ಎಷ್ಟು ನಿಜವಾದುವೆಂಬುದನ್ನೂ ತಂದೆಯೂ ಮಗನೂ ಕೂಡಿ ಬರೆದುಕೊಂಡರೆ ಸಾಕು. ಸ್ವಬುದ್ಧಿಯನ್ನು ನಂಬುವುದು ದೋಷವಲ್ಲ. ಲೆಕ್ಕ ಕೇಳದೆ ನಂಬುವುದು ದೋಷ.