ಕೃತಿಯಿಂದ ಓದುಗನವರೆಗೆ: ಒಂದು ವಿವೇಚನೆ

ನಮ್ಮ ಸಾಹಿತ್ಯಚರಿತ್ರೆಗಳು ಕೃತಿ ಹುಟ್ಟಿದ ಬಗೆಯನ್ನು ವಿಸ್ತಾರವಾಗಿ ವಿವರಿಸುತ್ತವೆ. ಅದು ಓದುಗನ ಕೈಸೇರಿದ ಬಗೆಯನ್ನು ಬಹುಮಟ್ಟಿಗೆ ಅಡಿಟಿಪ್ಪಣಿಗೆ ಬಿಟ್ಟಿವೆ. ಓದುಗನು ತನಗೆ ಪ್ರಿಯನಾಗಲಿರುವ ಲೇಖಕನನ್ನು ಕಂಡುಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಮಾರಾಟಗಾರರಿಗೆ ಸೇರಿದ್ದೆಂಬ ಭಾವನೆ ವಿಮರ್ಶಕರಲ್ಲಿದೆ. ಕೃತಿಯ ಅರ್ಥ ಓದಿನಲ್ಲಿ ಪೂರ್ಣಗೊಳ್ಳುವುದಾದರೆ, ಆ ಓದಿನತ್ತ ಒಯ್ಯುವ ದಾರಿಯೂ ವಿಮರ್ಶೆಯ ವಿಷಯವೇ ಆಗಬೇಕು.

ಗಳಗನಾಥರ (1869-1942) ನಿದರ್ಶನವನ್ನು ನೋಡಬಹುದು. ತಾವೇ ಬರೆದ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಅವರ ಸಾಹಸವನ್ನು ನಾವು ಸಾಮಾನ್ಯವಾಗಿ ತ್ಯಾಗದ ಕಥೆಯಾಗಿ ಸ್ಮರಿಸುತ್ತೇವೆ. ಅದನ್ನು ಓದುಗವರ್ಗವೊಂದು ರೂಪುಗೊಂಡ ಕಥೆಯಾಗಿಯೂ ಓದಬೇಕು. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು, ಕಾದಂಬರಿಯೆಂಬ ಪ್ರಕಾರಕ್ಕೇ ಅಪರಿಚಿತರಾಗಿದ್ದ ಅನೇಕ ಮನೆಗಳಿಗೆ ಅದನ್ನು ಬಾಗಿಲವರೆಗೆ ಒಯ್ದರು. ಅಲ್ಲಿ ಓದುಗನು ಮೊದಲು ನಂಬಿದ್ದು ಪುಸ್ತಕವನ್ನಲ್ಲ, ಅದನ್ನು ತಂದವರನ್ನು.

ಈ ನಂಬಿಕೆಗೆ ಸಾಂಸ್ಥಿಕ ರೂಪ ಕೊಟ್ಟದ್ದು ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ. ಇಲ್ಲಿ ಚಂದಾದಾರನು ಮೊದಲೇ ಹಣ ಕೊಡುತ್ತಿದ್ದನು. ಯಾವ ಪುಸ್ತಕ ಬರುವುದೆಂಬ ನಿರ್ಧಾರ ಮಾಲೆಯದು. 1961ರಲ್ಲಿ ಗಿರೀಶ ಕಾರ್ನಾಡರ 'ಯಯಾತಿ', 1965ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ' ಈ ಮಾಲೆಯಲ್ಲಿಯೇ ಪ್ರಕಟವಾದವು. ಹೆಸರಾಗದಿದ್ದ ಲೇಖಕರನ್ನು ಓದುಗರು ಕೇಳಿ ಪಡೆದದ್ದಲ್ಲ. ಅವರು ಕೇಳದೆಯೇ ಮನೆಗೆ ಬಂದರು. ನವ್ಯಕ್ಕೆ ಓದುಗರು ದೊರೆತ ಕಾರಣಗಳಲ್ಲಿ ಈ ವ್ಯವಸ್ಥೆಯೂ ಒಂದೆಂಬುದನ್ನು ಮರೆಯಲಾಗದು.

ಇದಕ್ಕೆ ಒಂದು ಆಕ್ಷೇಪವುಂಟು. ಮಧ್ಯವರ್ತಿಯ ಅಭಿರುಚಿಯೇ ಓದುಗನ ಎಲ್ಲೆಯಾಗಬಹುದಲ್ಲವೆ? ಆಕ್ಷೇಪ ನಿಜವೇ. ಆದರೆ ದಾರಿ ಒಂದೇ ಆಗಿರಲಿಲ್ಲ. ತ್ರಿವೇಣಿಯವರು 1963ರಲ್ಲಿ ತೀರಿಕೊಂಡ ಮೇಲೆ, 1967ರಲ್ಲಿ 'ಬೆಳ್ಳಿಮೋಡ' ಚಲನಚಿತ್ರವಾಯಿತು. ಬಾಡಿಗೆಗೆ ಪುಸ್ತಕ ಕೊಡುವ ವಾಚನಾಲಯ, ವಾರಪತ್ರಿಕೆಯ ಧಾರಾವಾಹಿ, ಚಿತ್ರಮಂದಿರ ಇವೆಲ್ಲವೂ ವಿಮರ್ಶೆಯ ಅನುಮತಿಗೆ ಕಾಯದೆ ಓದುಗರನ್ನು ಕಾದಂಬರಿಯ ಕಡೆಗೆ ಕರೆತಂದವು. ಈ ದಾರಿಗಳಿಂದ ಬಂದ ಓದನ್ನು ಜನಪ್ರಿಯವೆಂದು ಬದಿಗಿಟ್ಟ ವಿಮರ್ಶೆ ತನ್ನ ಓದುಗರ ಒಂದು ದೊಡ್ಡ ಭಾಗವನ್ನೇ ಕಾಣದೆ ಹೋಯಿತು.

ಹೊರನಾಡಿನ ನಮಗೆ ಹೆಚ್ಚು ಹತ್ತಿರದ ನಿದರ್ಶನ ಪುಣೆಯದು. ಉಮಾ ಕುಲಕರ್ಣಿಯವರು ಕಾರಂತ, ಭೈರಪ್ಪ ಮೊದಲಾದವರನ್ನು ಮರಾಠಿ ಓದುಗರಿಗೆ ಪರಿಚಯಿಸಿದರು. 'ವಂಶವೃಕ್ಷ'ದ ಅನುವಾದಕ್ಕೆ ಅವರಿಗೆ 1989ರ ಸಾಹಿತ್ಯ ಅಕಾದೆಮಿ ಅನುವಾದ ಬಹುಮಾನ ಸಂದಿತು. ಗಮನಾರ್ಹವಾದ ಅಂಶವೆಂದರೆ, ಕನ್ನಡ ಕೃತಿಗಳು ಅವರನ್ನು ತಲುಪಿದ್ದು ಪತಿ ವಿರೂಪಾಕ್ಷ ಕುಲಕರ್ಣಿಯವರ ವಾಚನದ ಮೂಲಕ. ಅವರು ಗಟ್ಟಿಯಾಗಿ ಓದುತ್ತಿದ್ದರು, ಇವರು ಕೇಳಿ ಮರಾಠಿಯಲ್ಲಿ ಬರೆಯುತ್ತಿದ್ದರು. ಆಪಟೆಯವರಿಂದ ಗಳಗನಾಥರಿಗೆ ಬಂದ ಸಾಲ ಹೀಗೆ ಕಿವಿಯ ದಾರಿಯಿಂದ ಮರಾಠಿಗೆ ಮರಳಿ ಸಂದಿತು.

ಇಂದು ಪುಸ್ತಕ ದುರ್ಲಭವಲ್ಲ. ದೆಹಲಿಯಲ್ಲಿ ಕುಳಿತು ತರಿಸಿಕೊಳ್ಳಬಹುದು. ಆದರೆ ಅಂತರ್ಜಾಲದ ಅಂಗಡಿಗಳ ಸೂಚನೆಗಳು ಬಹುಮಟ್ಟಿಗೆ ನಾವು ಹಿಂದೆ ಕೊಂಡದ್ದನ್ನೇ ಆಧರಿಸಿರುತ್ತವೆ. ಕನ್ನಡವನ್ನು ಮನೆಯಲ್ಲಿ ಆಡುತ್ತ, ಲಿಪಿಯನ್ನು ಕಲಿಯದೆ ಬೆಳೆದ ಹೊರನಾಡ ಮಕ್ಕಳು ಆ ಲೆಕ್ಕದೊಳಗೆ ಬರುವುದೇ ಇಲ್ಲ, ಏಕೆಂದರೆ ಅವರು ಕನ್ನಡ ಪುಸ್ತಕವನ್ನು ಎಂದೂ ಕೊಂಡಿಲ್ಲ. ಅವರಿಗೆ ಲಿಪಿ ಕಲಿಸುವ ತರಗತಿಗಳು ಬೇಕು, ನಿಜ. ಅದರ ಜೊತೆಗೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಒಂದು ಕಥೆಯನ್ನು ಅವರ ಎದುರು ಕುಳಿತು ಓದಿ ಹೇಳುವವರು ಬೇಕು. ಕನ್ನಡ ಸಂಘಗಳೂ ಅಧ್ಯಯನ ಪೀಠಗಳೂ ವಾಚನವನ್ನು ಉತ್ಸವದ ಅಲಂಕಾರವೆಂದು ಭಾವಿಸದೆ ವರ್ಷವಿಡೀ ನಡೆಯುವ ಕೆಲಸವಾಗಿ ಕೈಗೆತ್ತಿಕೊಳ್ಳುವುದು ಉಚಿತ.