ಪ್ಯಾಟಗೋನಿಯದ ಅತಿಥಿ

ಬ್ರೂಸ್ ಚಾಟ್ವಿನ್ನರ ‘ಇನ್ ಪ್ಯಾಟಗೋನಿಯ’ (1977) ಸೊಗಸಾದ ಪ್ರವಾಸ ಕೃತಿ. ಅದರಲ್ಲಿ ನಮಗೆ ಸಂದೇಹವಿಲ್ಲ. ಬೆನ್ನಿಗೆ ಚೀಲ ಕಟ್ಟಿ ಅರ್ಜೆಂಟೀನದ ದಕ್ಷಿಣ ಬಯಲುಗಳಲ್ಲಿ ಅಲೆದ ಲೇಖಕರು 97 ಪುಟ್ಟ ಅಧ್ಯಾಯಗಳಲ್ಲಿ ಅಲ್ಲಿನ ಜನರನ್ನು ಕಂಡರಿಸಿದ್ದಾರೆ. 1865ರಲ್ಲಿ ‘ಮಿಮೋಸಾ’ ಹಡಗಿನಿಂದಿಳಿದು ಚುಬುಟ್ ಕಣಿವೆಯಲ್ಲಿ ಕಾಲುವೆ ತೋಡಿ ಗೋಧಿ ಬೆಳೆದ ವೇಲ್ಸಿನವರ ಸಂತತಿಯೂ ಅವರಲ್ಲುಂಟು. ಸ್ಪ್ಯಾನಿಷ್ ಆಡುವ ನಾಡಿನಲ್ಲಿ ಪ್ರಾರ್ಥನಾ ಮಂದಿರದ ಹಾಡುಗಳ ಆಸರೆಯಿಂದ ತಾಯ್ನುಡಿಯನ್ನು ಉಳಿಸಿಕೊಂಡವರು ಇವರು. ಲೇಖಕರ ಕಣ್ಣು ಹೆಚ್ಚಾಗಿ ವೈಚಿತ್ರ್ಯದ ಮೇಲೆಯೇ. ಒಂದೆರಡು ಗೆರೆ ಎಳೆದು ಮುಂದಿನೂರಿಗೆ ಹೊರಟುಬಿಡುತ್ತಾರೆ. ತಮ್ಮನ್ನು ತಿರುಚಿ ಬರೆದರೆಂದು ಪ್ಯಾಟಗೋನಿಯದ ಕೆಲವರು ಮುಂದೆ ಆಕ್ಷೇಪಿಸಿದ್ದುಂಟು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ಪರನುಡಿ ಎಂದು ಬಾಳುವ ನಮಗೆ ಆ ಆಕ್ಷೇಪ ಸಣ್ಣದೆನಿಸಲಿಲ್ಲ. ಆ ಮನೆಗಳ ಮೊಮ್ಮಕ್ಕಳು ಯಾವ ಭಾಷೆಯಲ್ಲಿ ಜಗಳವಾಡುತ್ತಾರೆಂದು ಇನ್ನೊಂದು ವಾರ ನಿಂತು ಕೇಳಬಹುದಿತ್ತು.